ಎರಡು ನಿಮಿಷ ಬಾಳುವ ಹಾರ್ಮೋನು, ನೂರಿಪ್ಪತ್ತು ವರ್ಷದ ಕಥೆ

ಈಚೆಗೆ ಯಾವ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಮಾತು ಕಿವಿಗೆ ಬೀಳುತ್ತಿದೆ. ಅವರ ಮಗ ವಾರಕ್ಕೊಂದು ಸೂಜಿ ಚುಚ್ಚಿಕೊಂಡು ಹದಿನೈದು ಕೆಜಿ ಇಳಿದನಂತೆ, ಇವರ ಸೊಸೆಗೆ ಶುಗರ್ ಪೂರ್ತಿ ಹತೋಟಿಗೆ ಬಂತಂತೆ... ಹೇಳುವವರ ಎಲೆಯಲ್ಲಿ ಎರಡನೇ ಹೋಳಿಗೆ ಇರುತ್ತದೆ ಅನ್ನೋದು ಬೇರೆ ಮಾತು :-) ಸಾಗರದ ನನ್ನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅವರ ಡಾಕ್ಟರೂ ಈ ಸೂಜಿಯ ಮಾತೆತ್ತಿದ್ದಾರೆ. ಚಿಕ್ಕಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಹೌದೇನೋ ಮಾರಾಯ, ಅದನ್ನು ಹಲ್ಲಿ ವಿಷದಿಂದ ಮಾಡುವುದಂತೆ?"

ಚಿಕ್ಕಮ್ಮ ಕೇಳಿದ್ದರಲ್ಲಿ ಒಂದು ಪಾಲು ನಿಜ. ಉಳಿದ ಪಾಲನ್ನು ಫೋನಿನಲ್ಲಿ ವಿವರಿಸಲು ಹೋಗಿ ನನಗೇ ತಿಳಿಯದ ಎಷ್ಟೋ ವಿಷಯ ಓದಬೇಕಾಯಿತು. ಓದುತ್ತಾ ಹೋದಂತೆ ನನಗೆ ಔಷಧಿಗಿಂತ ಅದರ ಚರಿತ್ರೆಯೇ ರುಚಿಸಿತು. ಕಾರಣ ಇಷ್ಟೇ. ಪತ್ರಿಕೆಗಳು ಇದನ್ನು ನಿನ್ನೆ ಮೊನ್ನೆ ಆಕಾಶದಿಂದ ಉದುರಿದ ಪವಾಡ ಅನ್ನುವಂತೆ ಬರೆಯುತ್ತವೆ. ನಿಜಕ್ಕೂ ಇದರ ಹಿಂದಿನ ವಿಚಾರ ಇನ್ಸುಲಿನ್ನಿಗಿಂತ ಹಳೆಯದು! ಕೈಗೆ ಬಂದು, ತಪ್ಪಿ ಹೋಗಿ, ಮತ್ತೆ ಬಂದು, ಮತ್ತೆ ತಪ್ಪಿದ ವಿಚಾರ. ನಾನು ಡಾಕ್ಟರಲ್ಲ, ಎಂದೋ ಜೀವರಸಾಯನ ಓದಿದವನು ಅಷ್ಟೇ. ಹಾಗಾಗಿ ಚೀಟಿ ಬರೆಯುವ ಕೆಲಸಕ್ಕೆ ಕೈ ಹಾಕದೆ ಕಥೆ ಮಾತ್ರ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ (ಸಕ್ಕರೆ ನಿಮ್ಮಿಷ್ಟ).

ಜನವರಿ 1902. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಭಾವ-ಮೈದುನರು (ಬೇಲಿಸ್ ಮದುವೆಯಾದದ್ದು ಸ್ಟಾರ್ಲಿಂಗನ ಸೋದರಿಯನ್ನು) ಒಂದು ನಾಯಿಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಆಹಾರ ಹೊಟ್ಟೆಯಿಂದ ಕರುಳಿಗೆ ಇಳಿದ ಕೂಡಲೇ ಮೇದೋಜ್ಜೀರಕ ಗ್ರಂಥಿ ಜೀರ್ಣರಸ ಸುರಿಸುತ್ತದೆ. ಆಹಾರ ಬಂತು ಅಂತ ಆ ಗ್ರಂಥಿಗೆ ಹೇಳುವವರು ಯಾರು? ನರಗಳು ಅಂತ ಆಗಿನ ನಂಬಿಕೆ. ರಷ್ಯಾದ ಪಾವ್ಲೋವ್‌ನಂಥ ದೊಡ್ಡವರೇ ಹಾಗೆ ಹೇಳಿದ್ದರು. ಈ ಇಬ್ಬರು ಏನು ಮಾಡಿದರೆಂದರೆ, ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ ಹಾಕಿ, ಬರೀ ರಕ್ತನಾಳಗಳನ್ನು ಉಳಿಸಿ, ಆ ತುಂಡಿನೊಳಗೆ ಸ್ವಲ್ಪ ಆಮ್ಲ ಹಾಕಿದರು. ನರವೇ ಇಲ್ಲದಿದ್ದರೂ ಗ್ರಂಥಿ ರಸ ಸುರಿಸಿತು. ಅಂದರೆ ಸುದ್ದಿ ರಕ್ತದ ಮೂಲಕ ಹೋಗಿದೆ. ಕರುಳಿನ ಒಳಪದರವನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರೂ ಅದೇ ಫಲ. ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. ಮೂರು ವರ್ಷದ ನಂತರ, 1905ರಲ್ಲಿ, ಒಂದು ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ಇಂಥ ರಾಸಾಯನಿಕ ದೂತರಿಗೆಲ್ಲ ಒಂದು ಹೊಸ ಪದ ಬಳಸಿದ. ಗ್ರೀಕ್ ಭಾಷೆಯಲ್ಲಿ 'ಉದ್ರೇಕಿಸು' ಅನ್ನುವ ಅರ್ಥದ ಮಾತಿನಿಂದ ಹುಟ್ಟಿದ 'ಹಾರ್ಮೋನು'.

ಇವತ್ತು ಹಾರ್ಮೋನು ಅಂದರೆ ನಮಗೆ ಥೈರಾಯ್ಡು, ಹರೆಯ, ಮುಟ್ಟು ಇವೆಲ್ಲ ನೆನಪಾಗುತ್ತವೆ. ಆದರೆ ಆ ಹೆಸರು ಹುಟ್ಟಲು ಕಾರಣವಾದದ್ದು ಕರುಳು. ಇದು ಮುಂದಿನ ಕಥೆಗೆ ಬೇಕು, ಮರೆಯಬೇಡಿ.

ಸೆಕ್ರೆಟಿನ್ ಸುದ್ದಿ ಓದಿದ ಲಿವರ್‌ಪೂಲಿನ ಬೆಂಜಮಿನ್ ಮೂರ್‌ಗೆ ಒಂದು ಯೋಚನೆ ಬಂತು. ಮೇದೋಜ್ಜೀರಕ ಗ್ರಂಥಿ ತೆಗೆದರೆ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತದೆ ಅನ್ನೋದು 1889ರಲ್ಲೇ ಗೊತ್ತಾಗಿತ್ತು. ಗ್ರಂಥಿಯ ಜೀರ್ಣರಸಕ್ಕೆ ಕರುಳು ಅಪ್ಪಣೆ ಕೊಡುತ್ತದೆ ಅಂತಾದರೆ, ಅದೇ ಗ್ರಂಥಿ ರಕ್ತದೊಳಗೆ ಬಿಡುವ ಆ ಇನ್ನೊಂದು ಅಜ್ಞಾತ ರಸಕ್ಕೂ ಕರುಳೇ ಯಾಕೆ ಅಪ್ಪಣೆ ಕೊಡುತ್ತಿರಬಾರದು? ಆ ಅಪ್ಪಣೆ ಸರಿಯಾಗಿ ಸಿಗದಿರುವುದೇ ಕೆಲವರ ಸಕ್ಕರೆ ಕಾಯಿಲೆಗೆ ಕಾರಣ ಯಾಕಾಗಿರಬಾರದು? 1906ರಲ್ಲಿ ಮೂರ್ ಮತ್ತು ಜೊತೆಗಾರರಾದ ಈಡಿ, ಏಬ್ರಂ ಸೇರಿ ಕರುಳಿನ ಒಳಪದರದ ಸಾರವನ್ನು ರೋಗಿಗಳಿಗೆ ಕುಡಿಸಿ ನೋಡಿದರು. ಕೆಲವರಲ್ಲಿ ಮೂತ್ರದ ಸಕ್ಕರೆ ಇಳಿಯಿತು ಅಂತ ಬರೆದರು. ಬೇರೆಯವರು ಮಾಡಿದಾಗ ಆ ಫಲ ಸಿಗಲಿಲ್ಲ. ಬಾಯಿಂದ ಕೊಟ್ಟ ಇಂಥ ಪೆಪ್ಟೈಡು ಹೊಟ್ಟೆಯಲ್ಲೇ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ ಅಂತ ನಮಗೀಗ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಎಷ್ಟು ಸರಿಯಾಗಿತ್ತು ನೋಡಿ. ಇನ್ಸುಲಿನ್ ಸಿಗಲು ಇನ್ನೂ ಹದಿನೈದು ವರ್ಷ ಇತ್ತು.

ಇನ್ಸುಲಿನ್ ಕಥೆ ಎಲ್ಲರೂ ಬರೆದಾಗಿದೆ, ಓಡಿಸಿಬಿಡುತ್ತೇನೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು, 1923ರಲ್ಲಿ ನೊಬೆಲ್. ಸಾಯಲಿದ್ದ ಮಕ್ಕಳು ಎದ್ದು ಓಡಾಡಿದ ಆ ಸಂಭ್ರಮದಲ್ಲಿ ಎಲ್ಲರ ಕಣ್ಣೂ ಮೇದೋಜ್ಜೀರಕದ ಮೇಲೇ ನೆಟ್ಟಿತು. ಕರುಳನ್ನು ಕೇಳುವವರೇ ಇಲ್ಲ.

ಒಬ್ಬ ಮಾತ್ರ ಕೇಳಿದ. ಬೆಲ್ಜಿಯಂನ ಜೀನ್ ಲಾ ಬಾರ್. ಕರುಳಿನ ಸಾರದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಒಂದು ಜೀರ್ಣರಸ ಸುರಿಸುವಂಥದ್ದು, ಇನ್ನೊಂದು ರಕ್ತದ ಸಕ್ಕರೆ ಇಳಿಸುವಂಥದ್ದು ಅಂತ ಆತ ಹೇಳಿದ. ಎರಡನೆಯದಕ್ಕೆ 1932ರಲ್ಲಿ 'ಇನ್‌ಕ್ರೆಟಿನ್' ಅಂತ ಹೆಸರಿಟ್ಟು, ಸಕ್ಕರೆ ಕಾಯಿಲೆಗೆ ಔಷಧಿಯಾಗಬಹುದು ಅಂತಲೂ ಸೂಚಿಸಿದ. ಹೆಸರು ಸಿಕ್ಕಿತು, ಪುರಾವೆ ನಿಲ್ಲಲಿಲ್ಲ. 1940ರ ಹೊತ್ತಿಗೆ ಷಿಕಾಗೋದ ಲೋ, ಗ್ರೇ, ಐವಿ ಎಂಬ ಮೂವರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಇಂಥದ್ದೊಂದು ಹಾರ್ಮೋನು ಇರುವುದೇ ಅನುಮಾನ ಅಂದುಬಿಟ್ಟರು. ಐವಿ ಆಗ ಜೀರ್ಣಾಂಗ ವಿಜ್ಞಾನದಲ್ಲಿ ದೊಡ್ಡ ಹೆಸರು. ದೊಡ್ಡವರು ಇಲ್ಲ ಅಂದ ಮೇಲೆ ಉಳಿದವರು ಹುಡುಕುತ್ತಾರೆಯೇ? ಕಾಲು ಶತಮಾನ ಆ ಕಡತ ಮುಚ್ಚಿಯೇ ಇತ್ತು.

ಈ ಹಾರ್ಮೋನುಗಳಿಗೆ ಒಂದು ವಿಚಿತ್ರ ಗುಣ ಇದೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ ಇವು ಇನ್ಸುಲಿನ್ ಬಿಡಿಸುತ್ತವೆ. ಸಕ್ಕರೆ ಸಾಧಾರಣವಾಗಿದ್ದರೆ ಸುಮ್ಮನಿರುತ್ತವೆ. ಉಪವಾಸದಲ್ಲಿರುವ ಆರೋಗ್ಯವಂತ ಪ್ರಾಣಿಗೆ ಕೊಟ್ಟು 'ಸಕ್ಕರೆ ಇಳಿಯಿತೇ' ಅಂತ ನೋಡಿದರೆ ಏನೂ ಕಾಣುವುದಿಲ್ಲ. ಇವತ್ತು ನಾವು ಈ ಔಷಧಿಯ ದೊಡ್ಡ ಗುಣ ಅಂತ ಹೊಗಳುವುದೂ ಇದನ್ನೇ. ಇದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಪಾತಾಳಕ್ಕೆ ಬಿದ್ದು ತಲೆಸುತ್ತು ಬರುವ ಭಯ ಕಡಿಮೆ. ಅಂದು ಹುಡುಕುವವರ ಕಣ್ಣಿಗೆ ಬೀಳದಂತೆ ಮಾಡಿದ ಗುಣವೇ ಮುಂದೆ ಔಷಧಿಯಾಗಲು ಅರ್ಹತೆಯಾಯಿತು.

ಕಡತ ತೆರೆದದ್ದು ಒಂದು ಅಳತೆಗೋಲು. ರಕ್ತದಲ್ಲಿ ಇನ್ಸುಲಿನ್ ಇರುವುದು ಎಷ್ಟು ಕಡಿಮೆ ಅಂದರೆ ಅದನ್ನು ನೇರವಾಗಿ ಅಳೆಯುವ ದಾರಿಯೇ ಇರಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿನ ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬರ್ಸನ್ ವಿಕಿರಣದ ಗುರುತು ಹಚ್ಚಿದ ಇನ್ಸುಲಿನ್ ಮತ್ತು ಪ್ರತಿಕಾಯಗಳನ್ನು ಬಳಸಿ ಅಳೆಯುವ ವಿಧಾನವನ್ನು 1960ರಲ್ಲಿ ವಿವರವಾಗಿ ಪ್ರಕಟಿಸಿದರು. (ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಆ ಆಸ್ಪತ್ರೆ ನೆನಪಿರಲಿ, ಮತ್ತೆ ಬರುತ್ತದೆ.)

ಅಳತೆಗೋಲು ಸಿಕ್ಕಿದ್ದೇ ತಡ, 1964ರಲ್ಲಿ ಲಂಡನ್ನಿನ ಮ್ಯಾಕಿಂಟೈರ್ ತಂಡ ಬಹಳ ಸರಳವಾದ ಒಂದು ಪ್ರಯೋಗ ಮಾಡಿತು. ಗ್ಲೂಕೋಸನ್ನು ಒಮ್ಮೆ ಡ್ರಿಪ್ ಹಾಕಿ ನೇರ ರಕ್ತಕ್ಕೆ ಕೊಟ್ಟರು. ಇನ್ನೊಮ್ಮೆ ಕೊಳವೆ ಇಳಿಸಿ ಸಣ್ಣ ಕರುಳಿಗೆ ಕೊಟ್ಟರು. ಕರುಳಿಗೆ ಕೊಟ್ಟಾಗ ರಕ್ತದಲ್ಲಿ ಸಕ್ಕರೆ ಏರಿದ್ದು ಕಡಿಮೆ, ಆದರೆ ಇನ್ಸುಲಿನ್ ಏರಿದ್ದು ಹೆಚ್ಚು! ಬರೀ ಸಕ್ಕರೆಯನ್ನು ನೋಡಿ ಇನ್ಸುಲಿನ್ ಹೊರಡುವುದಾದರೆ ಹೀಗಾಗಲು ಸಾಧ್ಯವಿಲ್ಲ. ದಾರಿಯಲ್ಲಿ ಕರುಳು ಏನೋ ಹೇಳಿ ಕಳಿಸುತ್ತಿದೆ. ಊಟದ ನಂತರ ಬರುವ ಇನ್ಸುಲಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರುಳಿನ ಮಾತಿನಿಂದಲೇ ಬರುವುದು ಅಂತ 1967ರಲ್ಲಿ ಇನ್ನೊಂದು ತಂಡ ಲೆಕ್ಕ ಹಾಕಿತು. ನೆಂಟರು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅಂಗಡಿಯವನು ಮನೆಗೆ ಫೋನು ಮಾಡಿ 'ನಿಮ್ಮನೆಗೆ ನಾಲ್ಕು ಜನ ಬರ್ತಿದಾರೆ' ಅನ್ನುವ ಹಾಗೆ. ಅವರು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಒಲೆ ಮೇಲೆ ಅನ್ನ ಇರುತ್ತದೆ.

ಹೀಗೆ ಮಾತಾಡುವ ಮೊದಲ ಹಾರ್ಮೋನು ಸಿಕ್ಕಿದ್ದು 1970ರ ದಶಕದ ಆರಂಭದಲ್ಲಿ, ಕೆನಡಾದ ವ್ಯಾಂಕೂವರಿನ ಜಾನ್ ಬ್ರೌನ್ ಅವರಿಗೆ. ಅದರ ಹೆಸರು ಜಿಐಪಿ. ಆದರೆ ಸಕ್ಕರೆ ಕಾಯಿಲೆ ಬಂದವರಲ್ಲಿ ಅದರ ಮಾತನ್ನು ಗ್ರಂಥಿ ಅಷ್ಟಾಗಿ ಕೇಳುವುದಿಲ್ಲ ಅಂತ ಗೊತ್ತಾಗಿ ಎಲ್ಲರಿಗೂ ನಿರಾಸೆ. (ಜಿಐಪಿಯನ್ನು ಇಲ್ಲಿಗೇ ಬಿಟ್ಟುಬಿಡಬೇಡಿ, ಅದೂ ವಾಪಸ್ ಬರುತ್ತದೆ.) ಎರಡನೆಯದೊಂದು ಇರಲೇಬೇಕು ಅಂತ ಲೆಕ್ಕ ಹೇಳುತ್ತಿತ್ತು. ಅದು ಎಲ್ಲಿ?

ಅದರ ಸುಳಿವು ಸಿಕ್ಕಿದ್ದು ಒಂದು ಕುರೂಪಿ ಸಮುದ್ರ ಮೀನಿನಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೋಯಲ್ ಹೇಬೆನರ್ ತಂಡ ಗ್ಲುಕಗಾನ್ ಎಂಬ ಹಾರ್ಮೋನಿನ ಜೀನನ್ನು ಆಂಗ್ಲರ್ ಮೀನಿನಿಂದ ಹೆಕ್ಕುತ್ತಿತ್ತು. ಆ ಮೀನಿನಲ್ಲಿ ಇನ್ಸುಲಿನ್, ಗ್ಲುಕಗಾನ್ ತಯಾರಿಸುವ ಕೋಶಗಳು ಬೇರೆಯೇ ಒಂದು ಗಂಟಾಗಿ ಇರುವುದರಿಂದ ಕೆಲಸ ಸುಲಭ. 1982ರಲ್ಲಿ ಜೀನ್ ಓದಿ ನೋಡಿದರೆ ಗ್ಲುಕಗಾನ್ ಪಕ್ಕದಲ್ಲೇ ಅದನ್ನು ಹೋಲುವ ಮತ್ತೊಂದು ಪೆಪ್ಟೈಡಿನ ಬರಹ! ಮರುವರ್ಷ ಗ್ರೇಮ್ ಬೆಲ್ ತಂಡ ಹ್ಯಾಮ್‌ಸ್ಟರ್ ಮತ್ತು ಮನುಷ್ಯರ ಜೀನಿನಲ್ಲಿ ಇಂಥವು ಎರಡು ಇರುವುದನ್ನು ಕಂಡಿತು. ಜಿಎಲ್‌ಪಿ-1 ಮತ್ತು ಜಿಎಲ್‌ಪಿ-2, ಅಂದರೆ ಗ್ಲುಕಗಾನ್ ತರಹದ ಪೆಪ್ಟೈಡುಗಳು.

ಜೀನಿನಲ್ಲಿ ಬರಹ ಇರುವುದು ಬೇರೆ, ದೇಹ ಅದನ್ನು ಎಲ್ಲಿ ಕತ್ತರಿಸಿ ಬಳಸುತ್ತದೆ ಅನ್ನೋದು ಬೇರೆ. ಬರಹದಲ್ಲಿದ್ದ 37 ಅಮೈನೋ ಆಮ್ಲಗಳ ಪೂರ್ತಿ ಸರಪಳಿಯನ್ನು ಪರೀಕ್ಷಿಸಿದರೆ ಅದಕ್ಕೆ ಜೀವವೇ ಇಲ್ಲ. ಇಲ್ಲಿ ಬರುತ್ತಾರೆ ಸ್ವೆಟ್ಲಾನಾ ಮೊಯ್ಸೊವ್. ಯುಗೊಸ್ಲಾವಿಯಾದಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ರಾಕಫೆಲರ್ ವಿಶ್ವವಿದ್ಯಾಲಯದಲ್ಲಿ ಪೆಪ್ಟೈಡು ಕಟ್ಟುವ ವಿದ್ಯೆಯ ಗುರು ಬ್ರೂಸ್ ಮೆರಿಫೀಲ್ಡ್ ಬಳಿ ಕಲಿತವರು. ಹೇಬೆನರ್ ಇದ್ದ ಅದೇ ಆಸ್ಪತ್ರೆಯಲ್ಲಿ ಪೆಪ್ಟೈಡು ತಯಾರಿಸುವ ವಿಭಾಗ ನೋಡಿಕೊಳ್ಳುತ್ತಿದ್ದರು. ಗ್ಲುಕಗಾನ್ ಶುರುವಾಗುವುದು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ. ಜಿಎಲ್‌ಪಿ-1 ಸರಪಳಿಯಲ್ಲಿ ಹಿಸ್ಟಿಡಿನ್ ಇರುವುದು ಏಳನೇ ಸ್ಥಾನದಲ್ಲಿ. ಹಾಗಾದರೆ ಮೊದಲ ಆರು ಬರೀ ಸಿಪ್ಪೆ, ನಿಜವಾದ ಹಾರ್ಮೋನು ಶುರುವಾಗುವುದೇ ಏಳರಿಂದ ಅಂತ ಆಕೆ ತರ್ಕಿಸಿದರು. ಬರೀ ತರ್ಕಿಸಿ ಕೂರಲಿಲ್ಲ. ಆ ತುಂಡನ್ನು ಕೈಯಾರೆ ತಯಾರಿಸಿದರು, ಅದನ್ನು ಗುರುತಿಸುವ ಪ್ರತಿಕಾಯ ಮಾಡಿದರು, ಇಲಿಯ ಕರುಳಿನಲ್ಲಿ ಅದು ನಿಜಕ್ಕೂ ಇದೆ ಅಂತ 1986ರಲ್ಲಿ ತೋರಿಸಿದರು. 1987ರಲ್ಲಿ ಗಾರ್ಡನ್ ವೇರ್ ಮತ್ತು ಹೇಬೆನರ್ ಜೊತೆ ಸೇರಿ, ಅದು ಅತ್ಯಲ್ಪ ಪ್ರಮಾಣದಲ್ಲೂ ಇಲಿಯ ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ ಅಂತ ಪ್ರಕಟಿಸಿದರು. ಅದೇ ವರ್ಷ ಡೆನ್ಮಾರ್ಕಿನ ಯೆನ್ಸ್ ಯೂಲ್ ಹೋಲ್ಸ್ಟ್ ಹಂದಿಯ ಮೇದೋಜ್ಜೀರಕದಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು.

ಮುಂದೇನಾಯಿತು ಗೊತ್ತೇ? ಪೇಟೆಂಟುಗಳಲ್ಲಿ ಸಂಶೋಧಕ ಅಂತ ಬಿದ್ದದ್ದು ಹೇಬೆನರ್ ಒಬ್ಬರ ಹೆಸರು. ಮೊಯ್ಸೊವ್ ವಕೀಲರನ್ನು ಹಿಡಿದು ವರ್ಷಗಟ್ಟಲೆ ಕಾದಾಡಿ ತಮ್ಮ ಹೆಸರನ್ನು ಸೇರಿಸಿಕೊಳ್ಳಬೇಕಾಯಿತು. ಪ್ರಶಸ್ತಿಗಳಲ್ಲೂ ಹಾಗೇ. 2021ರ ಗೇರ್ಡನರ್ ಪ್ರಶಸ್ತಿ ಹೇಬೆನರ್, ಹೋಲ್ಸ್ಟ್ ಮತ್ತು ಟೊರಾಂಟೋದ ಡೇನಿಯಲ್ ಡ್ರಕರ್ ಮೂವರಿಗೆ ಹೋಯಿತು, ಆಕೆಗಿಲ್ಲ. 2023ರಲ್ಲಿ ವಿಜ್ಞಾನ ಪತ್ರಕರ್ತರು ಈ ಕಥೆಯನ್ನು ಎತ್ತಿ ಬರೆದ ಮೇಲೆ ಗಾಳಿ ತಿರುಗಿತು. 2024ರ ಲಾಸ್ಕರ್ ಪ್ರಶಸ್ತಿಯಲ್ಲಿ ಹೇಬೆನರ್ ಪಕ್ಕದಲ್ಲಿ ಆಕೆಯ ಹೆಸರು ಬಂತು. ಕಂಡುಹಿಡಿದು ಸುಮಾರು ನಾಲ್ಕು ದಶಕದ ಮೇಲೆ! ಈ ಭಾಗವನ್ನು ಓದುವಾಗ ನನಗೆ ಸಿಟ್ಟು ಬಂದದ್ದು ನಿಜ. ಹೇಬೆನರ್ ಕೆಲಸ ಸಣ್ಣದಲ್ಲ, ಜೀನು ಸಿಗದಿದ್ದರೆ ಏಳನೇ ಸ್ಥಾನದ ಪ್ರಶ್ನೆಯೇ ಇರುತ್ತಿರಲಿಲ್ಲ. ಆದರೆ ಇವತ್ತು ಕೋಟಿಗಟ್ಟಲೆ ಜನ ಚುಚ್ಚಿಕೊಳ್ಳುತ್ತಿರುವ ಔಷಧಿಯ ಮೂಲ ಆಕಾರ ಆಕೆ ಗುರುತಿಸಿದ ಆ ತುಂಡಿನದ್ದು.

ಇರಲಿ, ಕಥೆಗೆ ಬರೋಣ. 1993ರಲ್ಲಿ ಜರ್ಮನಿಯ ಮೈಕೆಲ್ ನೌಕ್ ತಂಡ ಟೈಪ್-2 ಸಕ್ಕರೆ ಕಾಯಿಲೆಯವರಿಗೆ ಜಿಎಲ್‌ಪಿ-1 ಡ್ರಿಪ್ ಹಾಕಿದಾಗ ಏರಿದ್ದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಸಾಧಾರಣ ಮಟ್ಟಕ್ಕೆ ಬಂತು. ಮೂರ್ 1906ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತ್ತು. ಆದರೆ ಒಂದು ಫಜೀತಿ. ರಕ್ತದಲ್ಲಿ ಡಿಪಿಪಿ-4 ಅಂತ ಒಂದು ಕಿಣ್ವ ಇದೆ, ಕತ್ತರಿ ಅಂತಲೇ ಅನ್ನಿ. ಅದು ಈ ಹಾರ್ಮೋನಿನ ತುದಿಯ ಎರಡು ಅಮೈನೋ ಆಮ್ಲಗಳನ್ನು ಕಚಕ್ ಅಂತ ಕತ್ತರಿಸಿಬಿಡುತ್ತದೆ. ಜಿಎಲ್‌ಪಿ-1ರ ಅರ್ಧಾಯುಷ್ಯ ಒಂದೆರಡು ನಿಮಿಷ ಅಷ್ಟೇ. ಫೋನು ಮಾಡಿದ ಅಂಗಡಿಯವನು ಸುದ್ದಿ ಮುಟ್ಟಿಸಿ ಫೋನು ಇಟ್ಟ ಹಾಗೆ. ದೇಹಕ್ಕೆ ಅದು ಒಳ್ಳೆಯದೇ. ಆದರೆ ಜೀವನಪೂರ್ತಿ ಡ್ರಿಪ್ ಹಾಕಿಕೊಂಡು ಓಡಾಡಲು ಯಾರಿಗೆ ಸಾಧ್ಯ? ಇಲ್ಲಿಂದ ಮುಂದಿನ ಚರಿತ್ರೆಯೆಲ್ಲ ಈ ಎರಡು ನಿಮಿಷವನ್ನು ಎಳೆದು ಉದ್ದ ಮಾಡಿದ ಚರಿತ್ರೆ.

ಈಗ ಹಲ್ಲಿ.

ಅಮೆರಿಕದ ನೈಋತ್ಯ ಮರುಭೂಮಿ ಮತ್ತು ಮೆಕ್ಸಿಕೋದಲ್ಲಿ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ನಮ್ಮ ಉಡದ ದೂರದ ನೆಂಟ ಅನ್ನಬಹುದಾದ, ಕಪ್ಪು-ಕಿತ್ತಳೆ ಮಣಿ ಪೋಣಿಸಿದಂಥ ಚರ್ಮದ, ನಿಧಾನದ ಪ್ರಾಣಿ. ಕಚ್ಚಿದರೆ ಬಿಡುವುದಿಲ್ಲ, ಅಕ್ಷರಶಃ ಉಡದ ಪಟ್ಟು. ವರ್ಷದಲ್ಲಿ ಕೆಲವೇ ಸಲ ಹೊಟ್ಟೆ ತುಂಬಾ ತಿಂದು ಉಳಿದಂತೆ ಸುಮ್ಮನಿರಬಲ್ಲದು. ಇದರ ವಿಷ ಮೇದೋಜ್ಜೀರಕದ ಮೇಲೆ ಏನೋ ಪರಿಣಾಮ ಮಾಡುತ್ತದೆ ಅಂತ ಮೊದಲೇ ಕೆಲವರು ಗಮನಿಸಿದ್ದರು. ಬ್ರಾಂಕ್ಸಿನ ಆ ಸೈನಿಕರ ಆಸ್ಪತ್ರೆ ನೆನಪಿದೆಯಲ್ಲ, ಅಲ್ಲಿ ಯಾಲೋ ಅವರ ಪ್ರಯೋಗಾಲಯದಲ್ಲಿ ಪಳಗಿದ ಡಾ. ಜಾನ್ ಎಂಗ್ ಹಿಸ್ಟಿಡಿನ್‌ನಿಂದ ಶುರುವಾಗುವ ಹೊಸ ಪೆಪ್ಟೈಡುಗಳನ್ನು ಹುಡುಕುವ ಒಂದು ವಿಧಾನ ಮಾಡಿಕೊಂಡಿದ್ದರು. ಮತ್ತೆ ಅದೇ ಹಿಸ್ಟಿಡಿನ್! ಹಲ್ಲಿಯ ವಿಷದಲ್ಲಿ ಹುಡುಕಿದಾಗ 39 ಅಮೈನೋ ಆಮ್ಲಗಳ ಎಕ್ಸೆಂಡಿನ್-4 ಸಿಕ್ಕಿತು. 1992ರಲ್ಲಿ ಪ್ರಕಟವಾಯಿತು. ನಮ್ಮ ಜಿಎಲ್‌ಪಿ-1ಕ್ಕೂ ಅದಕ್ಕೂ ಅರ್ಧದಷ್ಟು ಹೋಲಿಕೆ. ಆದರೆ ಎರಡನೇ ಸ್ಥಾನದಲ್ಲಿ ಅಲನಿನ್ ಬದಲು ಗ್ಲೈಸಿನ್ ಇರುವುದರಿಂದ ಆ ಕತ್ತರಿಗೆ ಹಿಡಿತ ಸಿಗುವುದಿಲ್ಲ. ಎರಡು ನಿಮಿಷ ಎರಡು ಗಂಟೆ ದಾಟಿತು.

ಎಂಗ್ ಕೆಲಸ ಮಾಡುತ್ತಿದ್ದ ಇಲಾಖೆ ಪೇಟೆಂಟಿಗೆ ಆಸಕ್ತಿ ತೋರಲಿಲ್ಲ. ಅವರೇ ಕೈಯಿಂದ ದುಡ್ಡು ಹಾಕಿ ಅರ್ಜಿ ಗುಜರಾಯಿಸಿ, ಕಂಪನಿಗಳ ಬಾಗಿಲು ತಟ್ಟಿದರು. 1996ರಲ್ಲಿ ಆಮಿಲಿನ್ ಎಂಬ ಸಣ್ಣ ಕಂಪನಿ ಹಕ್ಕು ಪಡೆಯಿತು. 2005ರ ಏಪ್ರಿಲ್‌ನಲ್ಲಿ ಎಕ್ಸೆನಟೈಡ್, ಬೈಯೆಟ್ಟಾ ಎಂಬ ಹೆಸರಿನಲ್ಲಿ, ಅಮೆರಿಕದ ಅನುಮತಿ ಪಡೆಯಿತು. ಈ ಬಗೆಯ ಮೊದಲ ಔಷಧಿ ಅದೇ. ದಿನಕ್ಕೆರಡು ಸಲ ಚುಚ್ಚಿಕೊಳ್ಳಬೇಕಿತ್ತು. ಅದನ್ನೂ ಕಾರ್ಖಾನೆಯಲ್ಲೇ ಕಟ್ಟುತ್ತಿದ್ದರು, ಯಾವ ಹಲ್ಲಿಯನ್ನೂ ಹಿಂಡಲಿಲ್ಲ. ಈಗ ಎಲ್ಲರ ಬಾಯಲ್ಲಿರುವ ಔಷಧಿಗಳು ಹಲ್ಲಿಯ ನಕಲೂ ಅಲ್ಲ, ಮನುಷ್ಯರ ಹಾರ್ಮೋನನ್ನೇ ತಿದ್ದಿದವು. ಹಲ್ಲಿ ದಾರಿ ತೋರಿಸಿತು ಅಷ್ಟೇ. ಚಿಕ್ಕಮ್ಮನಿಗೆ ನಾನು ಕೊಟ್ಟ ಉತ್ತರವೂ ಇದೇ.

ಇದೇ ಹೊತ್ತಿನಲ್ಲಿ ಇನ್ನೊಂದು ಉಪಾಯವೂ ಬಂತು. ಹಾರ್ಮೋನನ್ನು ಬದಲಿಸುವ ಬದಲು ಕತ್ತರಿಯನ್ನೇ ಮೊಂಡು ಮಾಡಿದರೆ? ಅದೇ ಗ್ಲಿಪ್ಟಿನ್ ಮಾತ್ರೆಗಳು. 2006ರಲ್ಲಿ ಸಿಟಾಗ್ಲಿಪ್ಟಿನ್ ಬಂತು, ಆಮೇಲೆ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್... ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿ ತೆರೆದು ನೋಡಿ, ಇವುಗಳಲ್ಲಿ ಒಂದು ಇರುವ ಸಾಧ್ಯತೆ ಇದೆ. ಸೂಜಿಯಷ್ಟು ಜೋರಿಲ್ಲ, ತೂಕ ಇಳಿಸುವುದಿಲ್ಲ, ಆದರೆ ಇನ್‌ಕ್ರೆಟಿನ್ ವಿದ್ಯೆ ನಮ್ಮ ಮನೆಗಳನ್ನು ಮೊದಲು ಹೊಕ್ಕ ದಾರಿಗಳಲ್ಲಿ ಇದೂ ಒಂದು.

ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಕಂಪನಿಯಲ್ಲಿ ಲೊಟ್ಟೆ ಬ್ಯೆರ್ ಕ್ನುಡ್ಸೆನ್ ಹಿಡಿದ ದಾರಿ ಬೇರೆ. ಆಕೆ ಅಲ್ಲಿ ವೃತ್ತಿ ಶುರುಮಾಡಿದ್ದು ಬಟ್ಟೆ ಒಗೆಯುವ ಪುಡಿಗೆ ಬೇಕಾದ ಕಿಣ್ವಗಳ ಕೆಲಸದಿಂದ! ಆಕೆಯ ತಂಡ ಜಿಎಲ್‌ಪಿ-1 ಸರಪಳಿಗೆ ಒಂದು ಕೊಬ್ಬಿನಾಮ್ಲದ ಬಾಲ ಕಟ್ಟಿತು. ರಕ್ತದಲ್ಲಿ ಆಲ್ಬುಮಿನ್ ಅನ್ನುವ ದೊಡ್ಡ ಪ್ರೋಟೀನು ಯಥೇಚ್ಛವಾಗಿ ಓಡಾಡುತ್ತಿರುತ್ತದೆ. ಕೊಬ್ಬಿನ ಬಾಲ ಅದಕ್ಕೆ ಅಂಟಿಕೊಳ್ಳುತ್ತದೆ. ತುಂಬಿದ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ಕಂಬಿ ಹಿಡಿದು ನೇತಾಡುವ ಪ್ರಯಾಣಿಕನ ಹಾಗೆ ಹಾರ್ಮೋನು ಆಲ್ಬುಮಿನ್ ಹಿಡಿದು ಸುತ್ತುತ್ತದೆ, ಕತ್ತರಿಗೂ ಮೂತ್ರಪಿಂಡಕ್ಕೂ ಬೇಗ ಸಿಗುವುದಿಲ್ಲ. ಹೀಗೆ ಬಂದ ಲಿರಾಗ್ಲುಟೈಡ್ (ಯುರೋಪಿನಲ್ಲಿ 2009, ಅಮೆರಿಕದಲ್ಲಿ 2010) ಸುಮಾರು ಹದಿಮೂರು ಗಂಟೆಯ ಅರ್ಧಾಯುಷ್ಯದ್ದು, ದಿನಕ್ಕೊಂದು ಸೂಜಿ. ಬಾಲವನ್ನು ಇನ್ನಷ್ಟು ಗಟ್ಟಿ ಮಾಡಿ, ಕತ್ತರಿ ಬೀಳುವ ಜಾಗದಲ್ಲಿ ಒಂದು ಕೃತಕ ಅಮೈನೋ ಆಮ್ಲ ಇಟ್ಟಾಗ ಸೆಮಾಗ್ಲುಟೈಡ್ ಆಯಿತು. ಅದರ ಅರ್ಧಾಯುಷ್ಯ ಒಂದು ವಾರ. ಎರಡು ನಿಮಿಷದಿಂದ ಒಂದು ವಾರಕ್ಕೆ! 2017ರ ಡಿಸೆಂಬರಿನಲ್ಲಿ ಸಕ್ಕರೆ ಕಾಯಿಲೆಗೆ ಒಜೆಂಪಿಕ್ ಆಗಿ, 2021ರ ಜೂನ್‌ನಲ್ಲಿ ತೂಕಕ್ಕೆ ವೆಗೋವಿ ಆಗಿ ಅದು ಅಮೆರಿಕದಲ್ಲಿ ಅನುಮತಿ ಪಡೆಯಿತು.

ತೂಕ ಇಳಿಸುವ ಔಷಧಿ ಅಂದರೆ ವೈದ್ಯರು ಮೊದಲು ಮೂಗು ಮುರಿಯುತ್ತಿದ್ದುದಕ್ಕೆ ಕಾರಣ ಇತ್ತು. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ಎಂಬ, ಸಿಡಿಮದ್ದಿನ ಕಾರ್ಖಾನೆಯ ರಾಸಾಯನಿಕವನ್ನು ತಿನ್ನಿಸಿದರು. ಮೈ ಒಳಗಿಂದ ಬೆಂದು ಸತ್ತವರಿದ್ದಾರೆ. ಆಂಫೆಟಮಿನ್ ಚಟ ಹಿಡಿಸಿತು. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸಿ 1997ರಲ್ಲಿ ಹೊರಬಿತ್ತು. ರಿಮೊನಬಂಟ್ ಖಿನ್ನತೆ ತಂದು 2008ರಲ್ಲಿ ಯುರೋಪಿನಿಂದ ಹೊರಹೋಯಿತು. ಇವೆಲ್ಲ ದೇಹವನ್ನು ಹೊರಗಿನಿಂದ ಬಡಿದು ಎಬ್ಬಿಸುವ ಔಷಧಿಗಳು. ಜಿಎಲ್‌ಪಿ-1 ದೇಹದ್ದೇ ಮಾತು. ಅದು ಮಿದುಳಿಗೂ ಹೇಳುತ್ತದೆ ಅಂತ 1996ರಲ್ಲಿ ಲಂಡನ್ನಿನ ಸ್ಟೀಫನ್ ಬ್ಲೂಮ್ ತಂಡ ಇಲಿಗಳಲ್ಲಿ ತೋರಿಸಿತು. ಮಿದುಳಿಗೆ ಜಿಎಲ್‌ಪಿ-1 ಕೊಟ್ಟರೆ ಹಸಿದ ಇಲಿಯೂ ಕಡಿಮೆ ತಿನ್ನುತ್ತದೆ. ಹೊಟ್ಟೆ ನಿಧಾನ ಖಾಲಿಯಾಗುವುದು ಮತ್ತು ಸಾಕು ಅನ್ನಿಸುವುದು ಸೇರಿ ತೂಕ ಇಳಿಯುತ್ತದೆ. 'ಬಾಯಿ ಕಟ್ಟಲಾಗದವರು' ಅಂತ ದಪ್ಪ ಇರುವವರನ್ನು ಹೀಗಳೆಯುವ ನಮ್ಮ ಅಭ್ಯಾಸ ಇದೆಯಲ್ಲ, ಅದಕ್ಕೆ ಈ ಪ್ರಯೋಗಗಳು ಕೊಟ್ಟ ಪೆಟ್ಟು ಸಣ್ಣದಲ್ಲ. ಹಸಿವೆಯ ದನಿ ಎಲ್ಲರಲ್ಲೂ ಒಂದೇ ಜೋರಿನಲ್ಲಿ ಇರುವುದಿಲ್ಲ.

ಲೆಕ್ಕಗಳನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 1961 ಜನ. 68 ವಾರದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9 ಇಳಿಯಿತು, ಹುಸಿಮದ್ದಿನವರದ್ದು ಶೇ. 2.4. ಬಿಟ್ಟ ಜಿಐಪಿ ವಾಪಸ್ ಬಂದದ್ದು ಟಿರ್ಜೆಪಟೈಡ್‌ನಲ್ಲಿ. ಒಂದೇ ಸರಪಳಿ ಜಿಐಪಿ, ಜಿಎಲ್‌ಪಿ-1 ಎರಡರ ದನಿಯಲ್ಲೂ ಮಾತಾಡುತ್ತದೆ. ಮೌಂಜಾರೋ ಎಂಬ ಹೆಸರಿನಲ್ಲಿ 2022ರಲ್ಲಿ ಬಂತು. ಹೆಚ್ಚಿನ ಡೋಸಿನಲ್ಲಿ 72 ವಾರಕ್ಕೆ ಶೇ. 20.9 ಇಳಿಕೆ. 2023ರಲ್ಲಿ ಬಂದ, 17,604 ಜನರ ಇನ್ನೊಂದು ಪರೀಕ್ಷೆ ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸಿತು. ಸಕ್ಕರೆ ಕಾಯಿಲೆ ಇಲ್ಲದ, ತೂಕ ಹೆಚ್ಚಿದ್ದ ಹೃದ್ರೋಗಿಗಳಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವನ್ನು ಒಟ್ಟಾಗಿ ಶೇ. 20ರಷ್ಟು ತಗ್ಗಿಸಿತು.

ಆದರೆ ಸೂಜಿ ನಿಲ್ಲಿಸಿದರೆ? ಮೊದಲ ಪರೀಕ್ಷೆಯ ಜನರಲ್ಲಿ ಕೆಲವರನ್ನು ಔಷಧಿ ನಿಲ್ಲಿಸಿ ಒಂದು ವರ್ಷ ಗಮನಿಸಿದರು. ಇಳಿದ ತೂಕದಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. 'ಅನುಕರಣೆ' ಅನ್ನುವ ಪದವನ್ನೇ ಸ್ವಲ್ಪ ಎಚ್ಚರದಿಂದ ಬಳಸಬೇಕು ಅನ್ನಿಸುತ್ತದೆ ನನಗೆ. ಕರುಳು ಊಟದ ಹೊತ್ತಿಗೆ ಎರಡು ನಿಮಿಷ ಮಾತಾಡಿ ಸುಮ್ಮನಾಗುತ್ತದೆ. ಈ ಔಷಧಿ ವಾರವಿಡೀ, ಸಹಜಕ್ಕಿಂತ ಬಹಳ ಜೋರಾಗಿ, ನಿಲ್ಲಿಸದೆ ಮಾತಾಡುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಬರುವುದು ಅದಕ್ಕೇ ಇರಬೇಕು. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜ್ಜೀರಕದ ಉರಿಯೂತ ಕಂಡುಬಂದಿವೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಇಲಿಗಳಲ್ಲಿ ಥೈರಾಯ್ಡಿನ ಒಂದು ಬಗೆಯ ಗೆಡ್ಡೆ ಕಂಡದ್ದರಿಂದ, ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರಿಗೆ ಕೊಡುವುದಿಲ್ಲ. ಟೈಪ್-1 ಇರುವವರಿಗೆ ಇದು ಇನ್ಸುಲಿನ್ನಿಗೆ ಬದಲಿಯೂ ಅಲ್ಲ.

ನಮ್ಮ ದೇಶದ ಮಾತಿಗೆ ಬಂದರೆ, 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಭಾರತದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಅಂದಾಜು ಮಾಡಿತ್ತು. ಸೆಮಾಗ್ಲುಟೈಡ್ ಮಾತ್ರೆ 2022ರಲ್ಲೇ ಇಲ್ಲಿಗೆ ಬಂದಿತ್ತು. ಮೌಂಜಾರೋ ಬಂದದ್ದು 2025ರ ಮಾರ್ಚಿನಲ್ಲಿ, ವೆಗೋವಿ ಅದೇ ಜೂನ್‌ನಲ್ಲಿ. ಬಂದಾಗ ಮೌಂಜಾರೋ 2.5 ಮಿಗ್ರಾಂ ಸೀಸೆಯ ಬೆಲೆ 3,500 ರೂಪಾಯಿ. ಅದು ಒಂದು ವಾರಕ್ಕೆ, ಅಂದರೆ ತಿಂಗಳಿಗೆ 14,000. ಚಿಕ್ಕಪ್ಪನ ಪಿಂಚಣಿಯಲ್ಲಿ ಅದಕ್ಕೆ ಜಾಗ ಇಲ್ಲ. ಜೀವಮಾನದ ಔಷಧಿ ಅಂದ ಮೇಲೆ ಬೆಲೆಯೇ ಅರ್ಧ ಚಿಕಿತ್ಸೆ. ಭಾರತದಲ್ಲಿ ಸೆಮಾಗ್ಲುಟೈಡಿನ ಮುಖ್ಯ ಪೇಟೆಂಟಿನ ಅವಧಿ ಇದ್ದದ್ದು 2026ರ ಮಾರ್ಚ್‌ವರೆಗೆ, ಹಾಗಾಗಿಯೇ ಇಲ್ಲಿನ ಎಷ್ಟೋ ಕಂಪನಿಗಳು ಅದಕ್ಕೂ ಮೊದಲೇ ತಯಾರಿ ನಡೆಸಿದ್ದವು. ಬೆಂಗಳೂರಿನ ಬಯೋಕಾನ್ 1978ರಲ್ಲಿ ಪರಂಗಿ ಹಣ್ಣಿನ ಕಿಣ್ವದಂಥವುಗಳಿಂದ ಶುರುವಾದ ಕಂಪನಿ. ಅದು ತಯಾರಿಸಿದ ಲಿರಾಗ್ಲುಟೈಡಿಗೆ 2024ರ ಮಾರ್ಚಿನಲ್ಲಿ ಬ್ರಿಟನ್ ಅನುಮತಿ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಔಷಧಿಗಳನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು, ಬೆಲೆಯೇ ದೊಡ್ಡ ಅಡ್ಡಿ ಅಂತಲೂ ಹೇಳಿತು.

ಗಿರಾಕಿ ಹೆಚ್ಚಿದ ಕಡೆ ಕಳ್ಳಮಾಲೂ ಬರುತ್ತದೆ. ನಕಲಿ ಸೆಮಾಗ್ಲುಟೈಡ್ ಬಗ್ಗೆ 2024ರ ಜೂನ್‌ನಲ್ಲೇ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಿದೆ. ಜಿಮ್ಮಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ವಾಟ್ಸಾಪಿನಲ್ಲಿ ಸಿಗುವ ಪೆನ್ನು ಅಗ್ಗ ಅಂತ ಯಾರಾದರೂ ಹೇಳಿದರೆ ಹತ್ತಿರ ಹೋಗಬೇಡಿ. ಡಾಕ್ಟರ ಚೀಟಿ ಹಿಡಿದು ಮೆಡಿಕಲ್ ಶಾಪಿಗೇ ಹೋಗಿ, ಫ್ರಿಜ್ಜಿನಿಂದ ತೆಗೆದು ಕೊಟ್ಟರೇ ನೋಡಿ, ಬ್ಯಾಚ್ ನಂಬರು ಇರುವ ಬಿಲ್ಲು ಕೇಳಿ ಪಡೆಯಿರಿ.